ಹೊಸ ಸ್ಲಾಲಮ್ ಸ್ಕೀ: ಹಾರಂಗಿಯ ನೀರಿನಲ್ಲಿ ಹೊಂದಿಸಿಕೊಳ್ಳುವ ಕ್ರಮ

ನೀರಿನ ಮೇಲೆ ಜಾರುವ ಹಲಗೆಯಂಥ ಒಂದೇ ಸ್ಕೀಯ ಮೇಲೆ ಎರಡೂ ಪಾದಗಳನ್ನು ಒಂದರ ಹಿಂದೊಂದಾಗಿ ಊರಿ, ಬೋಟಿನ ಹಿಂದೆ ಹಗ್ಗ ಹಿಡಿದು ಎಡಕ್ಕೂ ಬಲಕ್ಕೂ ಬಾಗುತ್ತ ಸಾಗುವ ಆಟ ಸ್ಲಾಲಮ್. ಹಳೆಯ ಸ್ಕೀಯ ಮೇಲೆ ಕಣ್ಣು ಮುಚ್ಚಿಯೂ ತೆಗೆದುಕೊಳ್ಳುತ್ತಿದ್ದ ತಿರುವು ಹೊಸದರ ಮೇಲೆ ತಡವರಿಸತೊಡಗಿದರೆ, ಕೈ ತಾನಾಗಿಯೇ ಸ್ಕ್ರೂ ತಿರುಗಿಸುವ ಅಲೆನ್ ಕೀಯತ್ತ ಹೋಗುತ್ತದೆ. ಸ್ಕೀಯ ತಳದಲ್ಲಿ ಹಿಂತುದಿಯ ಬಳಿ ನಿಂತ ತಗಡಾದ ಫಿನ್ ಅನ್ನು ಒಂದಿಷ್ಟು ಹಿಂದೆ ಸರಿಸಿ, ಬೂಟನ್ನು ಒಂದು ರಂಧ್ರ ಮುಂದಕ್ಕೆ ಹಾಕಿ, ಮರುದಿನ ಎರಡನ್ನೂ ಮತ್ತೆ ಬದಲಿಸಿದವರಿಗೆ ತಿಂಗಳು ಕಳೆದರೂ ಸ್ಕೀಯ ಗುಣ ಗೊತ್ತಾಗುವುದಿಲ್ಲ. ಮೊದಲು ದೇಹ ಸ್ಕೀಗೆ ಒಗ್ಗಬೇಕು, ಆಮೇಲೆ ಸ್ಕೀಯನ್ನು ದೇಹಕ್ಕೆ ಒಗ್ಗಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೊಡಗಿನಲ್ಲಿ ಇದನ್ನು ಇನ್ನಷ್ಟು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಇಲ್ಲಿನ ನೀರು ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ತಿರುವು ಕೆಟ್ಟದ್ದು ಸ್ಕೀಯಿಂದಲೋ, ನೀರಿನಿಂದಲೋ, ಬೋಟಿನಿಂದಲೋ ಎಂದು ಬಿಡಿಸಿ ನೋಡದೆ ಫಿನ್ ಮುಟ್ಟಿದರೆ ಇಲ್ಲದ ದೋಷಕ್ಕೆ ಮದ್ದು ಹಚ್ಚಿದಂತಾಗುತ್ತದೆ.

ಕುಶಾಲನಗರದ ಹತ್ತಿರ ಹುದುಗೂರಿನಲ್ಲಿ ಕಾವೇರಿಯ ಉಪನದಿಗೆ ಅಡ್ಡಲಾಗಿ ಕಟ್ಟಿದ ಹಾರಂಗಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ, ಎಂದರೆ ಸುಮಾರು 871 ಮೀಟರ್. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇಕಡ 8ರಷ್ಟು ಕಡಿಮೆ ಇರುವುದರಿಂದ, ಟರ್ಬೊ ಇಲ್ಲದ ಬೋಟ್ ಎಂಜಿನ್ನಿನ ಶಕ್ತಿಯೂ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಮಂಗಳೂರಿನ ಕಡೆ ಸ್ಕೀಯರನ್ನು ಸಲೀಸಾಗಿ ನೀರಿನಿಂದ ಮೇಲೆತ್ತುತ್ತಿದ್ದ ಔಟ್‌ಬೋರ್ಡ್ ಎಂಜಿನ್ ಇಲ್ಲಿ ಏದುಸಿರು ಬಿಟ್ಟರೆ ಅದು ಹೊಸ ಸ್ಕೀಯ ತಪ್ಪಲ್ಲ. ಪಿಚ್, ಎಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ, ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿಸಿದರೆ ಎಳೆತ ಬಹುಮಟ್ಟಿಗೆ ಸುಧಾರಿಸುತ್ತದೆ. ಎರಡನೆಯ ಸಂಗತಿ ನೀರಿನ ಉಷ್ಣತೆ. 20 ಡಿಗ್ರಿಯ ನೀರಿಗಿಂತ 30 ಡಿಗ್ರಿಯ ನೀರು ಸುಮಾರು ಶೇಕಡ 20ರಷ್ಟು ಕಡಿಮೆ ಸ್ನಿಗ್ಧವಾಗಿ, ಎಂದರೆ ಅಷ್ಟು ತೆಳುವಾಗಿ ಇರುತ್ತದೆ. ಹೀಗಾಗಿ ಸುಗ್ಗಿಯ ಹಬ್ಬವಾದ ಪುತ್ತರಿಯ ಚಳಿಯಲ್ಲಿ ಹಿತವೆನಿಸಿದ ಫಿನ್ ಅಳತೆ ಹೂಮಳೆ ಬೀಳುವ ಏಪ್ರಿಲ್ ಹೊತ್ತಿಗೆ ಬೇರೆಯೇ ಆಗಿ ಕಾಣಬಹುದು. ಮೂರನೆಯದು ಜಲಾಶಯದ ತಳ. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ಮುಳುಗಿದ್ದ ಮರದ ಬುಡಗಳು ನೀರಿನ ಮೇಲ್ಮೈಗೆ ಹತ್ತಿರವಾಗುತ್ತವೆ. 2018ರ ಆಗಸ್ಟಿನ ಭೂಕುಸಿತಗಳ ನಂತರ ಹೂಳೂ ಬಂದು ಸೇರಿದೆ. ಹಿಂದಿನ ವರ್ಷ ಆಳವಿದ್ದ ಜಾಗ ಈ ವರ್ಷವೂ ಆಳವಿದೆ ಎಂದು ನಂಬದೆ, ಸ್ಕೀ ಮಾಡುವ ಜಾಗದುದ್ದಕ್ಕೂ ಪ್ರತಿ ಸಲವೂ ಬೋಟಿನಲ್ಲಿ ನಿಧಾನವಾಗಿ ಸಾಗಿ, ಗುಂಡು ಕಟ್ಟಿದ ಹಗ್ಗ ಬಿಟ್ಟು ಆಳ ನೋಡಿಕೊಳ್ಳಬೇಕು. ಜಲಾಶಯ ನೀರಾವರಿ ನಿಗಮದ ಅಧೀನದಲ್ಲಿರುವುದರಿಂದ ಲಿಖಿತ ಅನುಮತಿಯಿಲ್ಲದೆ ಬೋಟು ಇಳಿಸುವ ಮಾತೇ ಇಲ್ಲ, ಅಣೆಕಟ್ಟಿನ ಗೇಟುಗಳ ಕಡೆಗೆ ಹೋಗುವಂತೆಯೂ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ನೀರು, ತೇಲಿಬರುವ ದಿಮ್ಮಿಗಳು ಮತ್ತು ತೆರೆದ ಗೇಟುಗಳ ಕಾಲ. ಆಗ ಸ್ಕೀಯ ಯೋಚನೆಯೇ ಬೇಡ. ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆ ನೀರು ತಿಳಿಯಾಗುತ್ತದೆ, ಮಟ್ಟವೂ ಚೆನ್ನಾಗಿರುತ್ತದೆ. ಹೊಸ ಸ್ಕೀಯನ್ನು ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಗಾಳಿ ಏಳುವ ಮುಂಚಿನ ಬೆಳಗು ಉತ್ತಮವಾದರೂ ಮಂಜು ನೀರಿನ ಮೇಲೆ ಕೂತಿರುವಷ್ಟು ಹೊತ್ತು ಕಾಯಬೇಕು. ಎದುರು ದಡ ಸ್ಪಷ್ಟವಾಗಿ ಕಾಣುವವರೆಗೆ ಚಾಲಕರು ಎಂಜಿನ್ ಚಾಲೂ ಮಾಡಬಾರದು.

ಸ್ಕೀಯ ಉದ್ದದ ಆಯ್ಕೆ ಕೊಳ್ಳುವಾಗಲೇ ಮುಗಿದಿರುತ್ತದೆ, ಆದ್ದರಿಂದ ಅದನ್ನು ಚುಟುಕಾಗಿ ಹೇಳುತ್ತೇನೆ. ತಯಾರಕರ ಪಟ್ಟಿ ದೇಹದ ತೂಕ ಮತ್ತು ಬೋಟಿನ ವೇಗ ಎರಡನ್ನೂ ಕೇಳುತ್ತದೆ. ವಯಸ್ಕರ ಸ್ಕೀಗಳು ಹೆಚ್ಚಾಗಿ 65ರಿಂದ 69 ಇಂಚಿನವು. ತೂಕ ಹೆಚ್ಚಿದಂತೆಯೂ ವೇಗ ಕಡಿಮೆಯಾದಂತೆಯೂ ದೊಡ್ಡ ಸ್ಕೀ ಬೇಕಾಗುತ್ತದೆ. ಸ್ಪರ್ಧೆಯಲ್ಲಿ ಪುರುಷರ ಗರಿಷ್ಠ ವೇಗ ಗಂಟೆಗೆ 58 ಕಿಲೋಮೀಟರ್, ಮಹಿಳೆಯರದು 55; ನಮ್ಮ ಬೋಟುಗಳು ನೆಮ್ಮದಿಯಾಗಿ ಎಳೆಯುವುದು ಇದಕ್ಕಿಂತ ಕಡಿಮೆ ವೇಗದಲ್ಲಾದ್ದರಿಂದ, ಎರಡು ಅಳತೆಗಳ ನಡುವೆ ಅನುಮಾನ ಬಂದಾಗ ದೊಡ್ಡದನ್ನೇ ಆರಿಸುವುದು ಜಾಣತನ.

ಸ್ಕೀ ಮನೆಗೆ ಬಂದ ದಿನ ಮಾಡಬೇಕಾದ ಕೆಲಸ ಅಳತೆ ಬರೆದಿಟ್ಟುಕೊಳ್ಳುವುದು. ಸ್ಕೀಯನ್ನು ತಳ ಮೇಲಾಗುವಂತೆ ಮೆತ್ತನೆಯ ಕಂಬಳಿಯ ಮೇಲೆ ಮೇಜಿನಲ್ಲಿ ಮಲಗಿಸಿದಾಗ, ಹಿಂತುದಿಯ ಬಳಿ ನೆಟ್ಟಗೆ ನಿಂತ ಅಲ್ಯೂಮಿನಿಯಂ ತಗಡು ಕಾಣುತ್ತದೆ. ಅದೇ ಫಿನ್. ಹೆಚ್ಚಿನ ಸ್ಕೀಗಳಲ್ಲಿ ಫಿನ್‌ನ ಎರಡೂ ಬದಿಗೆ ರೆಕ್ಕೆಯಂತೆ ಚಾಚಿಕೊಂಡ ಒಂದು ಸಣ್ಣ ತುಂಡೂ ಇರುತ್ತದೆ. ಅದನ್ನು ವಿಂಗ್ ಎನ್ನುತ್ತಾರೆ. ಫಿನ್‌ಗೆ ಮೂರು ಅಳತೆಗಳಿವೆ: ಉದ್ದ, ಆಳ, ಮತ್ತು ಸ್ಕೀಯ ಹಿಂತುದಿಯಿಂದ ಫಿನ್‌ನ ಹಿಂಬದಿಗೆ ಇರುವ ದೂರ. ತಯಾರಕರು ಈ ಮೂರನೆಯದನ್ನು ಡಿಎಫ್‌ಟಿ ಎಂದು ನಮೂದಿಸುತ್ತಾರೆ. ಮೂರನ್ನೂ ಇಂಚಿನ ಸಾವಿರದ ಒಂದಂಶದವರೆಗೆ ಕೊಡುತ್ತಾರೆ. ಸಾಮಾನ್ಯವಾಗಿ ಉದ್ದ 6.85 ಇಂಚಿನ ಆಸುಪಾಸು, ಆಳ 2.48ರ ಆಸುಪಾಸು, ಹಿಂತುದಿಯ ದೂರ 0.75ರ ಆಸುಪಾಸು ಇರುತ್ತದೆಯಾದರೂ, ನಿಮ್ಮ ಸ್ಕೀಗೆ ಅದರ ತಯಾರಕರು ಕೊಟ್ಟ ಅಂಕಿಗಳೇ ಪ್ರಮಾಣ.

ಅಳೆಯಲು ಬೇಕಾದದ್ದು ಡಿಜಿಟಲ್ ಕ್ಯಾಲಿಪರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ 150 ಮಿಲಿಮೀಟರಿನದು ಇದಕ್ಕೆ ಸಾಲುವುದಿಲ್ಲ, ಏಕೆಂದರೆ ಫಿನ್‌ನ ಉದ್ದವೇ ಸುಮಾರು 174 ಮಿಲಿಮೀಟರ್ ಆಗುತ್ತದೆ. 200 ಮಿಲಿಮೀಟರಿನದನ್ನೇ ತರಿಸಬೇಕು. ಅದರ ತಲೆಯಲ್ಲಿ ಫಿನ್ ಒಳಹೊಗುವಷ್ಟು ಸೀಳು ಇದ್ದರೆ ಕ್ಯಾಲಿಪರ್ ಸ್ಕೀಯ ತಳಕ್ಕೆ ಸಮನಾಗಿ ಕೂರುತ್ತದೆ, ಆಳದ ಅಳತೆ ನಂಬಿಕೆಗೆ ಅರ್ಹವಾಗುತ್ತದೆ. ಉದ್ದವನ್ನು ಕ್ಯಾಲಿಪರಿನ ಮೊನೆಗಳಿಂದ ಅಳೆಯುವುದಕ್ಕೂ ಚಪ್ಪಟೆ ಭಾಗದಿಂದ ಅಳೆಯುವುದಕ್ಕೂ ವ್ಯತ್ಯಾಸ ಬರುತ್ತದೆ. ತಯಾರಕರು ಯಾವ ರೀತಿ ಹೇಳಿದ್ದಾರೋ ಅದನ್ನೇ ಅನುಸರಿಸಬೇಕು. ಆಳಕ್ಕಾಗಿ ಕ್ಯಾಲಿಪರನ್ನು ಫಿನ್‌ನ ಗುಂಟ ಹಿಂದೆ ಮುಂದೆ ಮೆಲ್ಲನೆ ಜಾರಿಸಿ ಅತಿ ಹೆಚ್ಚಿನ ಅಂಕಿಯನ್ನು ಹಿಡಿಯಬೇಕು. ಪ್ರತಿ ಅಳತೆಯನ್ನೂ ಮೂರು ಸಲ ತೆಗೆದು, ಮೂರೂ ಒಂದೇ ಬಂದ ಮೇಲೆಯೇ ಪುಸ್ತಕಕ್ಕೆ ಇಳಿಸಬೇಕು. ಅಳತೆಯಲ್ಲೇ ಸಾವಿರದ ಹತ್ತಂಶ ಏರುಪೇರಾಗುತ್ತಿದ್ದರೆ, ಸಾವಿರದ ಐದಂಶದಷ್ಟು ಫಿನ್ ಸರಿಸುವುದರಲ್ಲಿ ಅರ್ಥವಿಲ್ಲ. ಕಾರ್ಖಾನೆಯಿಂದ ಬಂದ ಸ್ಕೀಯ ಫಿನ್ ತಯಾರಕರ ಅಂಕಿಯಲ್ಲೇ ಇರುತ್ತದೆ ಎಂದು ಭಾವಿಸಬಾರದು; ಸಾಗಣೆಯಲ್ಲಿ ಸ್ಕ್ರೂ ಸಡಿಲಗೊಂಡು ಅಲುಗಿರಬಹುದು. ಹಾಗಿದ್ದರೆ ಮೊದಲು ಅದನ್ನು ತಯಾರಕರ ಅಂಕಿಗೆ ತಂದು ನಿಲ್ಲಿಸುವುದೇ ಆರಂಭ.

ಬೂಟುಗಳ ಸ್ಥಾನವನ್ನೂ ಹೀಗೆಯೇ ಬರೆದಿಡಬೇಕು. ಸ್ಕೀಯ ಹಿಂತುದಿಯಿಂದ ಮುಂದಿನ ಬೂಟಿನ ಹಿಮ್ಮಡಿಯವರೆಗಿನ ದೂರ ಮುಖ್ಯವಾದ ಅಳತೆ. 67 ಇಂಚಿನ ಸ್ಕೀಯಲ್ಲಿ ಅದು 29 ಇಂಚಿನ ಮೇಲೆ, 30ರ ಒಳಗೆ ಇರುವುದು ಸಾಮಾನ್ಯ. ಹಿಂಪಾದಕ್ಕೆ ಪೂರ್ತಿ ಬೂಟು ಹಾಕುವವರಿದ್ದಾರೆ, ಬೆರಳುಗಳನ್ನಷ್ಟೇ ತೂರಿಸುವ ಪಟ್ಟಿ ಹಾಕುವವರೂ ಇದ್ದಾರೆ. ಹೊಸಬರಿಗೆ ಪಟ್ಟಿಯೇ ಸುರಕ್ಷಿತ ಎಂದು ನಾನು ಹೇಳುತ್ತೇನೆ. ಎರಡೂ ಕಡೆ ಬೂಟು ಇರುವುದಾದರೆ ಬಿದ್ದಾಗ ಎರಡೂ ಪಾದಗಳು ಒಟ್ಟಿಗೇ ಕಳಚಬೇಕು, ಇಲ್ಲವೇ ಎರಡೂ ಒಳಗೇ ಉಳಿಯಬೇಕು. ಒಂದು ಕಳಚಿ ಇನ್ನೊಂದು ಸಿಕ್ಕಿಕೊಂಡರೆ ಕಣಕಾಲು ತಿರುಚಿ ಮುರಿಯಬಹುದು. ಇದನ್ನು ನೀರಿಗಿಳಿಯುವ ಮುನ್ನ ದಡದಲ್ಲೇ, ಹುಲ್ಲಿನ ಮೇಲೆ ಕೂತು, ಇನ್ನೊಬ್ಬರಿಂದ ಸ್ಕೀ ಹಿಡಿಸಿ ಪರೀಕ್ಷಿಸಬೇಕು. ಒದ್ದೆ ಬೂಟಿಗೆ ಕಾಲು ತೂರಿಸಲು ತೆಳು ಸೋಪಿನ ನೀರು ಸಾಕು.

ಇನ್ನು ನೀರಿನ ಮೇಲಿನ ಮೊದಲ ದಿನಗಳು. ಹಗ್ಗವನ್ನು 18.25 ಮೀಟರಿನಲ್ಲಿ ಇಟ್ಟುಕೊಂಡು, ನಿಮ್ಮ ರೂಢಿಯ ವೇಗಕ್ಕಿಂತ ಐದಾರು ಕಿಲೋಮೀಟರ್ ಕಡಿಮೆಯಲ್ಲಿ ಆರಂಭಿಸಬೇಕು. ಸ್ಪರ್ಧೆಯಲ್ಲಿ ಸುತ್ತಿ ಬರಬೇಕಾದ ತೇಲುಗುಂಡುಗಳ ಪಥವಿದ್ದರೂ ಅದರೊಳಗೆ ಹೋಗಬಾರದು. ಪಥದ ಲೆಕ್ಕ ಎಲ್ಲೆಡೆ ಒಂದೇ: ಒಟ್ಟು 259 ಮೀಟರ್ ಉದ್ದ, ತಿರುಗಬೇಕಾದ ಆರು ತೇಲುಗುಂಡುಗಳು, ಪ್ರತಿಯೊಂದೂ ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ. ಅಲ್ಲಿ ತಿರುಗುವ ಜಾಗವನ್ನು ತೇಲುಗುಂಡು ನಿರ್ಧರಿಸುತ್ತದೆ. ತಡವಾಯಿತೆಂಬ ಗಾಬರಿಯಲ್ಲಿ ದೇಹ ಹಳೆಯ ಸ್ಕೀಗೆ ಕೊಡುತ್ತಿದ್ದ ಒತ್ತಡವನ್ನೇ ಹೊಸದಕ್ಕೂ ಕೊಡುತ್ತದೆ, ಹೊಸದು ಏನು ಕೇಳುತ್ತಿದೆ ಎಂಬುದು ಕಿವಿಗೆ ಬೀಳುವುದೇ ಇಲ್ಲ. ತೆರೆದ ನೀರಿನಲ್ಲಾದರೆ ತಿರುವು ಯಾವಾಗ ಮುಗಿಯಬೇಕೆಂಬುದನ್ನು ಸ್ಕೀಗೇ ಬಿಡಬಹುದು. ಹಾರಂಗಿಯಲ್ಲಿ ಕಾಯಂ ಪಥವಿಲ್ಲವೆಂದು ಕೊರಗುವವರಿಗೆ ನನ್ನ ಮಾತಿಷ್ಟೇ: ಒಗ್ಗಿಕೊಳ್ಳುವ ಈ ಹಂತದಲ್ಲಿ ಅದು ಕೊರತೆಯೇ ಅಲ್ಲ.

ಮೊದಲು ಬೋಟಿನ ನೇರ ಹಿಂದೆ ಸುಮ್ಮನೆ ನಿಂತು ಸಾಗಬೇಕು. ಕಣಕಾಲುಗಳು ಬಾಗಿರಲಿ, ಮೊಣಕಾಲು ಮೆತ್ತಗಿರಲಿ, ಸೊಂಟ ಮುಂಪಾದದ ಮೇಲೆ ಬರಲಿ, ಹ್ಯಾಂಡಲ್ ಸೊಂಟದ ಮಟ್ಟದಲ್ಲಿರಲಿ. ಎರಡೂ ಪಾದಗಳ ಮೇಲೆ ಭಾರ ಹೇಗೆ ಹಂಚಿದೆ ಎಂಬುದನ್ನು ಗಮನಿಸಿ, ಅದನ್ನು ಬೇಕೆಂದೇ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ಸರಿಸಿ ನೋಡಿದರೆ ಸ್ಕೀಯ ಮೂತಿ ಏರಿಳಿಯುವುದು ತಿಳಿಯುತ್ತದೆ. ಅನಂತರ ಬೋಟಿನ ಹಿಂದೇಳುವ ಅಲೆಗಳನ್ನು ದಾಟಿ ಒಂದು ಬದಿಗೆ, ಮತ್ತೆ ದಾಟಿ ಇನ್ನೊಂದು ಬದಿಗೆ, ಹೆಚ್ಚು ಬಲ ಹಾಕದೆ ಸಮನಾದ ಎಳೆತದಲ್ಲಿ ಹೋಗಿ ಬರಬೇಕು. ಆಮೇಲೆ ದೊಡ್ಡದಾದ, ಸಾವಧಾನದ ತಿರುವುಗಳು. ಪ್ರತಿ ಸ್ಕೀಯರಿಗೂ ಒಂದು ಬದಿಯ ತಿರುವು ಸಲೀಸು, ಇನ್ನೊಂದು ಬದಿಯದು ಕಷ್ಟ. ಹೊಸ ಸ್ಕೀಯ ಗುಣ ಹೊರಬೀಳುವುದು ಕಷ್ಟದ ಬದಿಯಲ್ಲಿ. ಇಷ್ಟಾದ ಮೇಲೆ ವೇಗವನ್ನು ಎರಡೆರಡು ಕಿಲೋಮೀಟರಿನಂತೆ ಏರಿಸುತ್ತ ರೂಢಿಯ ವೇಗಕ್ಕೆ ಬರಬಹುದು. ಕನಿಷ್ಠ ಎಂಟು ಹತ್ತು ಬಾರಿ ನೀರಿಗಿಳಿದು ಬರುವವರೆಗೆ ಯಾವ ಸ್ಕ್ರೂವನ್ನೂ ಮುಟ್ಟಬಾರದು. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುರಿಯಿಡುವ ಹಿರಿಯರು ಒಂದು ಗುಂಡು ಬಲಕ್ಕೆ ಹೋಯಿತೆಂದು ಕೋವಿಯ ಮೇಲೆ ತಪ್ಪು ಹೊರಿಸುವುದಿಲ್ಲ. ನಾಲ್ಕಾರು ಗುಂಡುಗಳು ಒಂದೇ ಕಡೆಗೆ ಹೋಗುತ್ತಿವೆಯೇ ಎಂದು ನೋಡುತ್ತಾರೆ. ಸ್ಕೀಯ ವಿಷಯದಲ್ಲೂ ಒಂದೇ ತೊಡಕು ಬೇರೆ ಬೇರೆ ದಿನಗಳಲ್ಲಿ, ಒಂದೇ ಜಾಗದಲ್ಲಿ, ಮತ್ತೆ ಮತ್ತೆ ಬಂದರೆ ಮಾತ್ರ ಅದನ್ನು ಸ್ಕೀಯ ಲೆಕ್ಕಕ್ಕೆ ಹಾಕಬೇಕು.

ತೊಡಕನ್ನು ಸರಿಯಾಗಿ ಗುರುತಿಸಲು ಬೋಟಿನಲ್ಲಿ ಕೂತವರು ಮೊಬೈಲಿನಲ್ಲಿ ಚಿತ್ರೀಕರಿಸಿದರೆ ಬಹಳ ಉಪಯೋಗ. ತಿರುವಿನ ಹೊತ್ತಿನ ಚಿತ್ರವನ್ನು ನಿಧಾನಗತಿಯಲ್ಲಿ ನೋಡುವಾಗ ಕಣ್ಣಿಡಬೇಕಾದದ್ದು ಸ್ಕೀಯ ಅಂಚು ನೀರನ್ನು ಎಲ್ಲಿ ಸೀಳುತ್ತಿದೆ ಎಂಬುದರ ಮೇಲೆ. ಸ್ಕೀ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿ, ಚಾಚಿದ ಕೈಯಲ್ಲಿ ಹ್ಯಾಂಡಲ್ ಇದ್ದು, ಮೂತಿ ಒಳಕ್ಕೆ ತಿರುಗತೊಡಗುವ ಆ ಗಳಿಗೆಯಲ್ಲಿ ನೀರು ಮುಂದಿನ ಬೂಟಿಗಿಂತ ಮುಂದೆ ಸೀಳಿ ಹಾಳೆಯಂತೆ ಏಳುತ್ತಿದ್ದರೆ ಸ್ಕೀ ತನ್ನ ಪೂರ್ತಿ ಉದ್ದವನ್ನು ಬಳಸಿಕೊಳ್ಳುತ್ತಿದೆ. ಬೂಟಿನ ಅಡಿಯಲ್ಲೋ ಅದಕ್ಕೂ ಹಿಂದೆಯೋ ಸೀಳುತ್ತಿದ್ದರೆ ಮೂತಿ ಗಾಳಿಯಲ್ಲಿದೆ. ಅಂಥ ತಿರುವು ಅಗಲವಾಗಿ ಎಳೆದುಕೊಂಡು ಹೋಗುತ್ತದೆ, ಕೊನೆಯಲ್ಲಿ ಹಗ್ಗ ಸಡಿಲಾಗಿ ಮತ್ತೆ ಜಗ್ಗುತ್ತದೆ. ಆದರೆ ಮೂತಿ ಎದ್ದಿರುವುದು ನೀವು ಹಿಂಪಾದದ ಮೇಲೆ ಕೂತದ್ದರಿಂದಲೂ ಆಗಿರಬಹುದು. ನಿಲುವು ನೆಟ್ಟಗಿದ್ದೂ ಹೀಗಾಗುತ್ತಿದೆ ಎಂದು ಚಿತ್ರ ಹೇಳಿದರೆ ಮಾತ್ರ ಮುಂದಿನ ಹೆಜ್ಜೆ.

ಆ ಹೆಜ್ಜೆ ಬೂಟಿನದು, ಫಿನ್‌ನದಲ್ಲ. ಬೂಟನ್ನು ಮುಂದಕ್ಕೆ ಸರಿಸಿದರೆ ಮೂತಿ ಹೆಚ್ಚು ನೀರಿಗಿಳಿಯುತ್ತದೆ, ಸ್ಕೀ ಚುರುಕಾಗಿ ತಿರುಗುತ್ತದೆ. ಹಿಂದಕ್ಕೆ ಸರಿಸಿದರೆ ಮೂತಿ ಹಗುರಾಗುತ್ತದೆ, ತಿರುವು ದೊಡ್ಡದಾಗಿ ನಿಧಾನವಾಗುತ್ತದೆ. ಇದು ದೊಡ್ಡ ಬದಲಾವಣೆಯಾದ್ದರಿಂದ ಬೂಟು ಕೂರಿಸಿದ ಪ್ಲೇಟು ಅನುಮತಿಸುವ ಅತಿ ಸಣ್ಣ ಅಂತರದಷ್ಟೇ ಸರಿಸಬೇಕು, ಎರಡೂ ಬೂಟುಗಳನ್ನು ಒಂದೇ ಪ್ರಮಾಣದಲ್ಲಿ ಸರಿಸಬೇಕು. ಫಿನ್ ಬರುವುದು ಇದರ ನಂತರದ ನಯಗಾರಿಕೆಗೆ.

ಫಿನ್ ಅನ್ನು ಮುಂದಕ್ಕೆ ಸರಿಸಿದರೆ ಮೂತಿಯ ಹಿಡಿತ ಹೆಚ್ಚಿ ತಿರುವು ಬೇಗ ಶುರುವಾಗುತ್ತದೆ. ಹಿಂದಕ್ಕೆ ಸರಿಸಿದರೆ ಸ್ಕೀ ಸ್ಥಿರವಾಗಿ, ತುಸು ಉದ್ದದ ಬಾಗಿನಲ್ಲಿ ಸಾಗುತ್ತದೆ. ಮೂತಿ ಥಟ್ಟನೆ ಕಚ್ಚಿ ನಿಮ್ಮನ್ನು ಮುಂದಕ್ಕೆ ಎಸೆಯುತ್ತಿದ್ದರೆ ಫಿನ್ ಹಿಂದಕ್ಕೆ ಹೋಗಬೇಕು. ತಿರುವಿನ ಕೊನೆಯಲ್ಲಿ ಹಿಂತುದಿ ಜಾರಿ ಹೊರಕ್ಕೆ ಹೋಗುತ್ತಿದ್ದರೆ ಆಳ ಹೆಚ್ಚಿಸಬೇಕು. ಹಿಂತುದಿ ಬಿಗಿಯಾಗಿ ಹಿಡಿದು ತಿರುವೇ ಮುಗಿಯುತ್ತಿಲ್ಲವೆನಿಸಿದರೆ ಆಳ ತಗ್ಗಿಸಬೇಕು. ಉದ್ದದ ಬದಲಾವಣೆ ಇವೆರಡರಷ್ಟು ಸ್ಪಷ್ಟವಾಗಿ ಕಾಲಿಗೆ ತಿಳಿಯುವುದಿಲ್ಲ, ಹಾಗಾಗಿ ಅದನ್ನು ಕೊನೆಗೆ ಬಿಡುವುದು ಒಳ್ಳೆಯದು. ಪ್ರತಿ ಸಲ ಸರಿಸುವುದು ಸಾವಿರದ ಐದರಿಂದ ಹತ್ತಂಶ ಇಂಚಿನಷ್ಟು ಮಾತ್ರ, ಎಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಿಂದ ಕಾಲು ಭಾಗ. ಇಷ್ಟು ಸೂಕ್ಷ್ಮ ಬದಲಾವಣೆ ಕಾಲಿಗೆ ತಿಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಗಂಟೆಗೆ 50 ಕಿಲೋಮೀಟರ್ ವೇಗದ ನೀರಿನಲ್ಲಿ ನಿಶ್ಚಯವಾಗಿ ತಿಳಿಯುತ್ತದೆ.

ಸರಿಸುವಾಗ ಸ್ಕ್ರೂಗಳನ್ನು ಪೂರ್ತಿ ಬಿಚ್ಚದೆ, ಫಿನ್ ಬೆರಳಿನ ಒತ್ತಡಕ್ಕೆ ಮಾತ್ರ ಜರುಗುವಷ್ಟು ಸಡಿಲಿಸಬೇಕು. ಮೊದಲಿನ ಸ್ಥಾನವನ್ನು ಸಣ್ಣ ಮೊನೆಯ ಮಾರ್ಕರಿನಿಂದ ಗುರುತಿಸಿಟ್ಟರೆ ಹಿಂದಿರುಗಲು ದಾರಿಯಿರುತ್ತದೆ. ಫಿನ್‌ನ ಮುಂತುದಿ ಕೊಂಚ ವಾಲಿದರೂ ಉದ್ದ ಮತ್ತು ಆಳ ಎರಡೂ ಒಟ್ಟಿಗೆ ಬದಲಾಗುವುದರಿಂದ, ಒಂದನ್ನೇ ಸರಿಸಿದ್ದೇನೆಂದು ತಿಳಿದರೂ ಮೂರನ್ನೂ ಮತ್ತೆ ಅಳೆಯಬೇಕು. ಸ್ಕ್ರೂ ಬಿಗಿಸುವಾಗ ಒಂದನ್ನೇ ಪೂರ್ತಿ ತಿರುಗಿಸದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಸುತ್ತ ಬರಬೇಕು, ಬಿಗಿಸಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಮೆತ್ತನೆಯ ಲೋಹದ ಎಳೆಗಳು ಅತಿ ಬಿಗಿತಕ್ಕೆ ಸವೆದುಹೋಗುತ್ತವೆ. ಮರಳಿನ ಕಣ ಸಿಕ್ಕಿಕೊಂಡಿದ್ದರಂತೂ ಬೇಗನೆ ಹಾಳಾಗುತ್ತವೆ.

ವಿಂಗ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅದರ ಕೋನ ಸಾಮಾನ್ಯವಾಗಿ 7ರಿಂದ 9 ಡಿಗ್ರಿ. ಕೋನ ಹೆಚ್ಚಿದಷ್ಟೂ ತಿರುವಿಗೆ ಮುಂಚೆ ಸ್ಕೀಯ ವೇಗ ಹೆಚ್ಚು ತಗ್ಗುತ್ತದೆ. ಅದರ ನಿಜವಾದ ಅಗತ್ಯ ಬರುವುದು ಸ್ಪರ್ಧೆಯಲ್ಲಿ ಹಂತಹಂತವಾಗಿ ಹಗ್ಗ ಚಿಕ್ಕದಾಗುತ್ತ ಹೋದಾಗ. 18.25 ಮೀಟರಿನ ಹಗ್ಗದಲ್ಲಿ, ಕಡಿಮೆ ವೇಗದಲ್ಲಿ ಆಡುವವರು ತಯಾರಕರು ಇಟ್ಟ ಕೋನವನ್ನು ಹಾಗೆಯೇ ಬಿಡಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಮುರಿಯಲೇಬಾರದು. ಅದು ಫಲ ಕೊಡಬೇಕಾದರೆ ಉಳಿದೆಲ್ಲವೂ ಹಾಗೆಯೇ ಇರಬೇಕು: ಅದೇ ಬೋಟು, ಅದೇ ಚಾಲಕರು, ಬೋಟಿನಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕ, ಅದೇ ಹಗ್ಗ. ಸ್ಪರ್ಧೆಯ ಬೋಟುಗಳಲ್ಲಿ ಜಿಪಿಎಸ್ ಆಧಾರದ ವೇಗ ನಿಯಂತ್ರಕ ಇರುತ್ತದೆ. ಕೈಯಲ್ಲೇ ಥ್ರಾಟಲ್ ಹಿಡಿಯುವ ಬೋಟಿನಲ್ಲಿ ಜೊತೆಗೆ ಕೂತವರು ಮೊಬೈಲಿನ ಜಿಪಿಎಸ್ ವೇಗವನ್ನು ಚಾಲಕರಿಗೆ ಹೇಳುತ್ತಿದ್ದರೆ ತಕ್ಕಮಟ್ಟಿಗೆ ಆಗುತ್ತದೆ. ಹಿಂದೆ ನೋಡಲೆಂದೇ ಇನ್ನೊಬ್ಬರು ಬೋಟಿನಲ್ಲಿ ಇರಲೇಬೇಕು. ಲೈಫ್ ಜಾಕೆಟ್ ಇಲ್ಲದೆ ಎಷ್ಟೇ ಈಜು ಬಲ್ಲವರೂ ಇಳಿಯಬಾರದು. ಹೆಬ್ಬೆರಳು ಮೇಲೆತ್ತಿದರೆ ವೇಗ ಹೆಚ್ಚಿಸಿ, ಕೆಳಗೆ ಮಾಡಿದರೆ ತಗ್ಗಿಸಿ, ಬಿದ್ದ ಮೇಲೆ ಎರಡೂ ಕೈಗಳನ್ನು ತಲೆಯ ಮೇಲೆ ಜೋಡಿಸಿದರೆ ಏನೂ ಆಗಿಲ್ಲ ಎಂಬ ಸನ್ನೆಗಳನ್ನು ಮೊದಲೇ ಮಾತಾಡಿಕೊಂಡಿರಬೇಕು. ಪುಸ್ತಕದ ಪ್ರತಿ ಸಾಲಿನಲ್ಲಿ ದಿನಾಂಕ, ಮೂರು ಅಳತೆ, ಬೂಟಿನ ಸ್ಥಾನ, ವೇಗ ಇವುಗಳ ಜೊತೆಗೆ ನೀರಿನ ಉಷ್ಣತೆಯನ್ನೂ ಗಾಳಿಯನ್ನೂ ಬರೆಯಬೇಕು. ಇಲ್ಲಿನವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಈ ಕೊನೆಯ ಎರಡನ್ನೇ. ಡಿಸೆಂಬರಿನ ಸಾಲನ್ನೂ ಏಪ್ರಿಲಿನ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಸ್ಕೀ ಕೆಟ್ಟಿತೆಂದುಕೊಂಡದ್ದು ನೀರು ಬದಲಾದದ್ದಷ್ಟೇ ಎಂದು ತಿಳಿಯುವ ಸಂದರ್ಭಗಳು ಬಹಳ. ಬದಲಾವಣೆ ಮಾಡಿ ಮೂರು ನಾಲ್ಕು ಬಾರಿ ಸ್ಕೀ ಮಾಡಿದ ಮೇಲೂ ಗುಣ ಕಾಣದಿದ್ದರೆ, ಇನ್ನೊಂದನ್ನು ಅದರ ಮೇಲೆ ಹೇರದೆ ಹಿಂದಿನ ಅಳತೆಗೆ ಮರಳಬೇಕು.

ಮಳೆಗಾಲಕ್ಕೆ ಸ್ಕೀ ಎತ್ತಿಡುವ ಮುನ್ನ ಸಿಹಿನೀರಿನಲ್ಲಿ ತೊಳೆದು, ಬೂಟುಗಳ ಒಳಪದರವನ್ನು ಹೊರತೆಗೆದು ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಕೊಡಗಿನ ಜುಲೈಯಲ್ಲಿ ಅರೆ ಒಣಗಿದ ಬೂಟು ಬೂಷ್ಟು ಹಿಡಿಯದೆ ಉಳಿಯುವುದಿಲ್ಲ. ಸ್ಕೀಯನ್ನು ಮುಚ್ಚಿದ ಚೀಲದಲ್ಲಿಡದೆ, ಗಾಳಿಯಾಡುವ ಕೋಣೆಯಲ್ಲಿ, ಫಿನ್‌ನ ಮೇಲೆ ಭಾರ ಬೀಳದಂತೆ ಅಡ್ಡಲಾಗಿ ಇಡಬೇಕು. ಫಿನ್‌ನ ಸ್ಕ್ರೂಗಳಿಗೆ ಒಂದು ಹನಿ ಎಣ್ಣೆ ಸಾಕು. ಅಕ್ಟೋಬರಿನಲ್ಲಿ ಮತ್ತೆ ಹೊರತೆಗೆದಾಗ ಮೂರೂ ಅಳತೆಗಳನ್ನು ತೆಗೆದು ಪುಸ್ತಕದ ಕೊನೆಯ ಸಾಲಿನೊಂದಿಗೆ ತಾಳೆ ನೋಡಬೇಕು. ಅಂಕಿಗಳು ಸರಿದಿವೆಯೆಂದು ಕಂಡರೆ ಫಿನ್ ಅನ್ನು ಹಳೆಯ ಜಾಗಕ್ಕೆ ತಂದು ಬಿಗಿಸಿದ ಮೇಲೆಯೇ ನೀರಿಗೆ ಇಳಿಯಬೇಕು.